ಲಕ್ವದ ನಂತರ ನೆಲ ಮುಟ್ಟದ ಹಿಮ್ಮಡಿಗೆ ಸರಣಿ ಪ್ಲಾಸ್ಟರ್: ನನ್ನ ಅನುಭವ

ಲಕ್ವ ಹೊಡೆದ ಕಾಲಿಗೆ ಪ್ಲಾಸ್ಟರ್ ಸುತ್ತಿದರೆ ಹುಣ್ಣಾಗುತ್ತದೆ, ಬಿಗಿತ ಇನ್ನೂ ಏರುತ್ತದೆ ಅಂತ ಜೊತೆಯ ಫಿಸಿಯೋಗಳು ತಡೆದವರೇ. ಈಗ ಅವರೇ ತಮ್ಮ ರೋಗಿಗಳನ್ನು ಕಳಿಸುತ್ತಿದ್ದಾರೆ. ಹಾಗಾಗಿ ಸರಣಿ ಪ್ಲಾಸ್ಟರಿನ (ಕೆಲ ದಿನಕ್ಕೊಮ್ಮೆ ಬಿಚ್ಚಿ, ಪಾದವನ್ನು ಇನ್ನಷ್ಟು ಮೇಲೆತ್ತಿ ಮತ್ತೆ ಕಟ್ಟುವುದು) ಕ್ರಮ ಬರೆದಿಡುತ್ತಿದ್ದೇನೆ.

ಆಶ್‌ವರ್ತ್ ಅಂಕವೊಂದನ್ನೇ (ಕೈಯಿಂದ ಅಲುಗಿಸಿ ನೋಡಿ ಬಿಗಿತಕ್ಕೆ ಕೊಡುವ ಅಂಕ) ನೋಡಿ ಪ್ಲಾಸ್ಟರ್‌ಗೆ ಕೈಹಾಕಬೇಡಿ. ಅದು 3 ಇದ್ದರೆ ನರದ ಬಿಗಿತ ಎಷ್ಟು, ಸ್ನಾಯು ಕುಗ್ಗಿದ್ದು ಎಷ್ಟು ಅನ್ನುವುದು ತಿಳಿಯುವುದಿಲ್ಲ. ಟಾರ್ಡ್ಯೂ ಪರೀಕ್ಷೆ ಮಾಡಿ: ಪಾದವನ್ನು ನಿಧಾನಕ್ಕೆ ಎತ್ತಿದಾಗ ಸಿಗುವ ಕೊನೆಯ ಕೋನ ಆರ್‌2, ಜೋರಾಗಿ ಎತ್ತಿದಾಗ ತಡೆ ಸಿಗುವ ಕೋನ ಆರ್‌1. ಮಂಡಿ ನೇರ ಇಟ್ಟು ಒಮ್ಮೆ, ಮಡಿಸಿ ಒಮ್ಮೆ. ಹಿಮ್ಮಡಿಯನ್ನು ಸ್ವಲ್ಪ ಒಳಮುಖವಾಗಿ ಹಿಡಿದೇ ಅಳೆಯಬೇಕು. ಇಲ್ಲದಿದ್ದರೆ ನಡುಪಾದ ಬಾಗಿ, ಇಲ್ಲದ ಡಿಗ್ರಿಗಳು ಗೋನಿಯೋಮೀಟರಿನಲ್ಲಿ (ಕೋನ ಅಳೆಯುವ ಸಾಧನ) ಕಾಣುತ್ತವೆ. ಆ ಎರಡು ಕೋನಗಳ ಅಂತರ 15–20 ಡಿಗ್ರಿ ದಾಟಿದರೆ ನರದ ಬಿಗಿತವೇ ಹೆಚ್ಚು, ಮೊದಲು ಬೊಟುಲಿನಮ್ (ಸ್ನಾಯು ಸಡಿಲಿಸುವ ಚುಚ್ಚುಮದ್ದು) ಬಗ್ಗೆ ವೈದ್ಯರ ಜೊತೆ ಮಾತಾಡುತ್ತೇನೆ. ಅಂತರ ಕಡಿಮೆಯಿದ್ದು ಆರ್‌2 ಸೊನ್ನೆಗೂ (ಪಾದ ಕಾಲಿಗೆ ಲಂಬವಾಗಿರುವ ಸ್ಥಿತಿ) ಬಾರದಿದ್ದರೆ ಪ್ಲಾಸ್ಟರೇ ಸರಿ. ಕೊನೆಯಲ್ಲಿ ಮೂಳೆಗೆ ಮೂಳೆ ತಾಗಿದಂತೆ ಗಟ್ಟಿ ತಡೆ ಸಿಕ್ಕರೆ ಎರಡೂ ಬೇಡ, ಎಕ್ಸ್‌ರೇ ಮಾಡಿಸಿ. ಬಿಗಿತ ಹಠಾತ್ತನೆ ಏರಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ಮಾಂಸಕ್ಕೆ ಚುಚ್ಚಿದ ಉಗುರು ನೋಡಿ. ಅವನ್ನು ಸರಿಪಡಿಸಿದರೇ ಎಷ್ಟೋ ಇಳಿಯುತ್ತದೆ.

ಹಣದ ಲೆಕ್ಕ ಹೀಗಿದೆ. ಮೀನಖಂಡಕ್ಕೆ ಬೊಟುಲಿನಮ್ 200–300 ಯೂನಿಟ್ ಬೇಕು, ಅಂದರೆ ಹತ್ತಾರು ಸಾವಿರ. ಮೂರು ತಿಂಗಳಿಗೆ ಅದರ ಬಲ ಮುಗಿಯುತ್ತದೆ. ಪ್ಲಾಸ್ಟರ್ ಒಂದಕ್ಕೆ 15 ಸೆಂ.ಮೀ. ರೋಲ್ ಮೂರು, 10 ಸೆಂ.ಮೀ. ಒಂದೆರಡು, ಹತ್ತಿ ಪ್ಯಾಡಿಂಗ್ ಎರಡು, ಸ್ಟಾಕಿನೆಟ್ (ಒಳಗೆ ಹಾಕುವ ಕಾಲುಚೀಲದಂಥ ಬಟ್ಟೆ) ಸೇರಿ ಆರೇಳು ನೂರು ರೂಪಾಯಿ. ನಾಲ್ಕೈದು ಸಲ ಹಾಕಿದರೂ ಮೂರು ಸಾವಿರದ ಆಸುಪಾಸು. ಫೈಬರ್‌ಗ್ಲಾಸನ್ನೂ ಹಾಕಿ ನೋಡಿದೆ. ಹಗುರ, ಆದರೆ ಹಿಮ್ಮಡಿಯ ಆಕಾರಕ್ಕೆ ಕೂರುವುದಿಲ್ಲ, ಅಂಚು ಚರ್ಮ ಕೊಯ್ಯುತ್ತದೆ. ಈಗ ಅಂಗಾಲಿನ ಹೊರಪದರಕ್ಕೆ ಮಾತ್ರ.

ಬೋರಲು ಮಲಗಿಸಿ, ಮಂಡಿ 90 ಡಿಗ್ರಿ ಮಡಿಸಿ. ಪಾದವನ್ನು ಆರ್‌2ವರೆಗೆ ತಂದು 5 ಡಿಗ್ರಿ ಹಿಂದಕ್ಕೆ ಬಿಡಿ. ಇಲ್ಲಿ ಆಸೆ ಬೇಡ. ತುದಿಯವರೆಗೆ ಎಳೆದು ಕಟ್ಟಿದರೆ ಒಳಗೆ ಹಿಮ್ಮಡಿ ಮೇಲಕ್ಕೆ ಜಾರಿ, ಎರಡೇ ದಿನದಲ್ಲಿ ಹಿಂಭಾಗ ಹುಣ್ಣಾಗುತ್ತದೆ. ಗಿಣ್ಣು, ಹಿಮ್ಮಡಿ, ಕಿರುಬೆರಳಿನ ಬುಡದ ಮೂಳೆಗಳಿಗೆ ಪ್ಯಾಡ್ ದುಪ್ಪಟ್ಟು, ಉಳಿದೆಡೆ ತೆಳುವಾಗಿರಲಿ. ಎಲ್ಲೆಡೆ ದಪ್ಪವಾದರೆ ಪಾದ ಒಳಗೇ ಅಲುಗಾಡಿ ಉಜ್ಜುತ್ತದೆ. ನೀರು ಬೆಚ್ಚಗಿದ್ದರೆ ಸಾಕು: ಬಿಸಿನೀರಿನಲ್ಲಿ ಅದ್ದಿದ ಪ್ಲಾಸ್ಟರ್ ಗಟ್ಟಿಯಾಗುವಾಗ ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ. ಅಂಗೈಯಲ್ಲೇ ಒತ್ತಿ, ಬೆರಳ ಗುಳಿ ಬೀಳಬಾರದು. ಅಂಗಾಲಿನ ಹಲಗೆ ಬೆರಳ ತುದಿಯವರೆಗೂ ಇರಲಿ. ಸಹಾಯಕನು ಪಾದವನ್ನು ಹಿಡಿಯುವ ಒಂದು ಪಟ್ಟು ಇದೆ. ಅದನ್ನು ಬಂದವರಿಗೆ ಕೈಹಿಡಿದೇ ತೋರಿಸುತ್ತೇನೆ.

48 ಗಂಟೆ ಭಾರ ಹಾಕಿಸಬೇಡಿ. ಬೆರಳು ನೀಲಿಯಾದರೆ, ತಣ್ಣಗಾದರೆ, ಊದಿದರೆ, ಮೀನಖಂಡ ನೋಯತೊಡಗಿದರೆ ರಾತ್ರಿಯಾದರೂ ತೆಗೆಸಬೇಕು ಅಂತ ಮನೆಯವರಿಗೆ ಬರೆದೇ ಕೊಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನವಿದ್ದವರಿಗೆ ಹಾಕಲೇಬೇಡಿ.

ಮೊದಲನೆಯದನ್ನು ಮೂರನೇ ದಿನವೇ ಬಿಚ್ಚಿ ಚರ್ಮ ನೋಡುತ್ತೇನೆ, ಆಮೇಲೆ ಐದರಿಂದ ಏಳು ದಿನಕ್ಕೊಮ್ಮೆ. ಆರಂಭದಲ್ಲಿ ಏಳೆಂಟು ಡಿಗ್ರಿ ಬರುತ್ತದೆ, ಮುಂದೆ ನಾಲ್ಕೈದು. ಎರಡು ಸಲ ಸೇರಿಯೂ 5 ಡಿಗ್ರಿ ಬಾರದಿದ್ದರೆ ನಿಲ್ಲಿಸಿ.

ಕಟ್ಟುವ ಮುನ್ನ 100 ಹರ್ಟ್ಸ್ ಟೆನ್ಸ್ (ಚರ್ಮದ ಮೂಲಕ ಕೊಡುವ ಸಣ್ಣ ವಿದ್ಯುತ್ ಪ್ರಚೋದನೆ) ಅರ್ಧ ಗಂಟೆ ಕೊಟ್ಟು ನೋಡಿದೆ. ತಡೆ ಸ್ವಲ್ಪ ತಡವಾಗಿ ಸಿಕ್ಕಿತು, ಪಾದ ಹಿಡಿಯುವುದು ಸುಲಭವಾಯಿತು. ಸಂಜೆಗೆ ಆ ಲಾಭವೇನೂ ಉಳಿಯುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಕೊನೆಯಲ್ಲಿ. ಕೊನೆಯ ಪ್ಲಾಸ್ಟರನ್ನು ಎಸೆಯದೆ ಎರಡು ಹೋಳು ಮಾಡಿ, ಅಂಚಿಗೆ ಪಟ್ಟಿ ಹಚ್ಚಿ, ವೆಲ್ಕ್ರೋ ಕಟ್ಟಿ ರಾತ್ರಿ ಹಾಕಿಸಿ. ಹಗಲು ಎಎಫ್‌ಒ (ಕಣಕಾಲು, ಪಾದ ಹಿಡಿದಿಡುವ ಆಧಾರ) ಹಾಕಿ ನಿಲ್ಲಿಸಿ, ನಡೆಸಿ, ಮುಂಗಾಲು ಎತ್ತುವ ಸ್ನಾಯುವಿಗೆ ಕೆಲಸ ಕೊಡಿ. ಇದನ್ನು ಬಿಟ್ಟವರಲ್ಲಿ ಗಳಿಸಿದ ಡಿಗ್ರಿಗಳು ಒಂದೆರಡು ತಿಂಗಳಲ್ಲೇ ಹೋಗಿವೆ.

ಮೊಣಕೈಗೂ ಇದೇ ಕ್ರಮ. ಅಲ್ಲಿ ಬದಲಿಸುವುದು ಇನ್ನೂ ಬೇಗ, ಮೂರ್ನಾಲ್ಕು ದಿನಕ್ಕೊಮ್ಮೆ. ಒಳಬದಿಯ ಅಲ್ನಾರ್ ನರದ ಮೇಲೆ ಒತ್ತಡ ಬೀಳದಂತೆ ಪ್ಯಾಡ್ ಇಡಿ.