ಬ್ಯಾಚ್ ಜಾಕೆಟ್‌ಗೆ ಪ್ಯಾಚ್ ಎಲ್ಲಿ, ಎಂಬ್ರಾಯ್ಡರಿ ಎಲ್ಲಿ: ನನ್ನ ಅನುಭವ

ಬ್ಯಾಚ್ ಜಾಕೆಟ್, ಅಂದರೆ ಒಂದು ಬ್ಯಾಚ್‌ನವರೆಲ್ಲ ಒಂದೇ ತರ ಹಾಕಿಕೊಳ್ಳುವ ಜಾಕೆಟ್, ಮಾಡಿಸೋಕೆ ನನ್ನ ಎಂಬ್ರಾಯ್ಡರಿ ಅಂಗಡಿಗೆ ಬರುವ ಕಾಲೇಜು ಮಕ್ಕಳು ಮೊದಲು ಫೋನ್ ತೆಗೆದು ಡಿಸೈನ್ ತೋರಿಸುತ್ತಾರೆ. ನಾನು ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು ಒಂದೇ: ಜಾಕೆಟ್ ಹೊಲಿದು ರೆಡಿ ಇದೆಯಾ, ಇನ್ನೂ ಹೊಲಿಯಬೇಕಾ? ಎಲ್ಲಿ ಪ್ಯಾಚ್ (ಬೇರೆ ಬಟ್ಟೆಯಲ್ಲಿ ಮಾಡಿ ಮೇಲೆ ಹೊಲಿಯೋದು), ಎಲ್ಲಿ ಜಾಕೆಟ್ ಮೇಲೇ ನೇರ ಎಂಬ್ರಾಯ್ಡರಿ ಅನ್ನೋದು ಅರ್ಧ ಇಲ್ಲೇ ತೀರ್ಮಾನ ಆಗಿಬಿಡುತ್ತದೆ.

ರೆಡಿ ಜಾಕೆಟ್‌ನ ಒಳಗೆ ಲೈನಿಂಗ್ ಇರುತ್ತದೆ. ಬೆನ್ನ ಮೇಲೆ ಮೆಷಿನ್ ಓಡಿಸಿದರೆ ಸೂಜಿ ಹೊರಬಟ್ಟೆಯನ್ನೂ ಲೈನಿಂಗನ್ನೂ ಸೇರಿಸಿ ಹೊಲಿಯುತ್ತದೆ. ಒಳಗಡೆ ಮೆಷಿನ್‌ನ ಕೆಳಗಿನ ದಾರ (ಬಾಬಿನ್ ದಾರ) ಎದ್ದು ಕಾಣುತ್ತದೆ, ಹೊರಗಡೆ ಬಟ್ಟೆ ಎಳೆದುಕೊಂಡು ಸುಕ್ಕಾಗುತ್ತದೆ. ತೋಳಿನೊಳಗೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಫ್ರೇಮ್ ಕೂರಿಸೋದೇ ಕಷ್ಟ. ಎದೆ ಹತ್ತಿರ ಒಳಜೇಬು ಇದ್ದರೆ ಅದರ ಬಾಯಿಯೂ ಮುಚ್ಚಿಹೋಗುತ್ತದೆ. ಅದೇ, ಕಟ್ ಮಾಡಿದ ಬಿಡಿ ಪೀಸ್ ಕೈಗೆ ಸಿಕ್ಕರೆ ಈ ತಾಪತ್ರಯ ಯಾವುದೂ ಇಲ್ಲ. ಟೈಲರ್ ಹತ್ತಿರ ಹೊಲಿಸುವವರಿಗೆ "ಪೀಸ್ ಮೊದಲು ನನ್ನ ಹತ್ತಿರ ಬರಲಿ, ಆಮೇಲೆ ಹೊಲಿಗೆ" ಅನ್ನುತ್ತೇನೆ. ತಿರುಪ್ಪೂರಿನಿಂದಲೋ ಲೂಧಿಯಾನದಿಂದಲೋ ಪ್ಲೇನ್ ಜಾಕೆಟ್ ತರಿಸಿಕೊಂಡವರಿಗೆ ದೊಡ್ಡದೆಲ್ಲ ಪ್ಯಾಚ್‌ನಲ್ಲೇ. ಲೈನಿಂಗ್‌ನ ಕೆಳಗಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಹೊರಬಟ್ಟೆಗೆ ಮಾತ್ರ ಪ್ಯಾಚ್ ಹೊಲಿದು, ಮತ್ತೆ ಮುಚ್ಚುತ್ತೇವೆ.

ನನ್ನದು ಬೆಂಗಳೂರಿನಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ವರ್ಷಪೂರ್ತಿ ಬ್ಲೌಸ್ ಕೆಲಸ, ಜೂನ್ ಹತ್ತಿರ ಬಂದರೆ ಶಾಲೆಯ ಯೂನಿಫಾರ್ಮ್ ಬ್ಯಾಡ್ಜ್, ಚಳಿ ಶುರುವಾಗುವ ಹೊತ್ತಿಗೆ ಈ ಜಾಕೆಟ್‌ಗಳು. ಇದರ ಮೂಲ ಅಮೆರಿಕ. 1865ರಲ್ಲಿ ಹಾರ್ವರ್ಡ್‌ನ ಬೇಸ್‌ಬಾಲ್ ಆಟಗಾರರು ಅಂಗಿಯ ಎದೆಯ ಮೇಲೆ 'ಎಚ್' ಅಕ್ಷರ ಹಾಕಿಕೊಂಡರು. ಆ ಅಕ್ಷರವನ್ನು ಆಟ ಆಡಿ ಗಳಿಸಬೇಕಿತ್ತು. ಅಕ್ಷರ ಮೊದಲು ಸ್ವೆಟರ್‌ಗೆ ಬಂತು, ಆಮೇಲೆ ಉಣ್ಣೆಯ ಮೈ, ಚರ್ಮದ ತೋಳಿನ ಜಾಕೆಟ್‌ಗೆ ಬಂತು. ನಮ್ಮಲ್ಲಿ ಹಣ ಕೊಟ್ಟವರಿಗೆಲ್ಲ ಅಕ್ಷರ ಸಿಗುತ್ತದೆ, ಅಟೆಂಡೆನ್ಸ್ ಶಾರ್ಟೇಜ್ ಇದ್ದರೂ ಪರವಾಗಿಲ್ಲ! ಬಟ್ಟೆಯೂ ಬೇರೆ. ಉಣ್ಣೆ ಬದಲು ಕಾಟನ್ ಪಾಲಿಯೆಸ್ಟರ್ ಮಿಕ್ಸ್ ಫ್ಲೀಸ್, ಚರ್ಮದ ಬದಲು ರೆಕ್ಸಿನ್. ಇಂಟರ್‌ನೆಟ್‌ನಲ್ಲಿ ನೋಡಿದ ಜಾಕೆಟ್‌ನ ಅಂದ ಇಲ್ಲಿ ಹಾಗೇ ಬರದೇ ಇರೋದಕ್ಕೆ ಮುಖ್ಯ ಕಾರಣ ಇದೇ. ಫ್ಲೀಸ್ ಹಿಗ್ಗುತ್ತದೆ. ಗಟ್ಟಿ ಉಣ್ಣೆ ಅಷ್ಟು ಹಿಗ್ಗಲ್ಲ.

ಎದೆಯ ಎಡಗಡೆ ಬರುವ ದೊಡ್ಡ ಅಕ್ಷರ ಶನೀಲ್ ಪ್ಯಾಚ್ ಆಗಿದ್ದರೇನೇ ಚೆಂದ. ಇದರಲ್ಲಿ ನಾನು ರಾಜಿ ಆಗಲ್ಲ. ಮೆತ್ತಗೆ, ಟವೆಲ್ ತರ ಕುಣಿಕೆ ಎದ್ದಿರುತ್ತದಲ್ಲ, ಅದು. ಆರಿ ವರ್ಕ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಆರಿಯಲ್ಲಿ ದಾರ ಬಟ್ಟೆಯ ಕೆಳಗಿರುತ್ತದೆ, ಕೊಕ್ಕೆ ಸೂಜಿ ಮೇಲಿನಿಂದ ಇಳಿದು ಕುಣಿಕೆ ಎಳೆದು ತರುತ್ತದೆ. ಶನೀಲ್ ಮೆಷಿನ್ ಮಾಡೋದೂ ಅದೇ ಕೆಲಸ, ದಪ್ಪ ನೂಲಿನಲ್ಲಿ. ಅಂಚಿಗೆ ಚೈನ್ ಹೊಲಿಗೆ, ಒಳಗೆ ಒತ್ತೊತ್ತಾಗಿ ಎದ್ದ ಕುಣಿಕೆ. ಕೆಳಗೆ ಫೆಲ್ಟ್, ಅಂದರೆ ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ. ನನ್ನ ಹತ್ತಿರ ಆ ಮೆಷಿನ್ ಇಲ್ಲ, ಹೊರಗೆ ಮಾಡಿಸುತ್ತೇನೆ. ಹಾಗಾಗಿ ಬಂದ ಪ್ಯಾಚನ್ನು ಪರೀಕ್ಷೆ ಮಾಡದೆ ಒಳಗೆ ತಗೊಳಲ್ಲ.

ಮೊದಲು ಪ್ಯಾಚನ್ನು ಹಿಂದಕ್ಕೆ ಬಾಗಿಸಿ ನೋಡುತ್ತೇನೆ. ಕುಣಿಕೆಗಳ ಮಧ್ಯೆ ಫೆಲ್ಟ್ ಇಣುಕಿದರೆ ನೂಲು ಉಳಿಸಿದ್ದಾರೆ ಅಂತ ಅರ್ಥ. ಆಮೇಲೆ ಹಿಂಬದಿ. ಚೈನ್ ಹೊಲಿಗೆಯ ಗುಣ ಗೊತ್ತಲ್ಲ, ತುದಿ ಸಿಕ್ಕಿ ಎಳೆದರೆ ಸರಸರ ಬಿಚ್ಚಿಕೊಂಡು ಬರುತ್ತದೆ. ಹಿಂದೆ ಅಂಟೋ, ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಬಟ್ಟೆಯೋ ಹಾಕಿ ಅದನ್ನು ಹಿಡಿದಿರಬೇಕು. ಕೊನೆಗೆ ಬಣ್ಣ. ಬಿಳಿ ಕಾಟನ್ ಚಿಂದಿ ಒದ್ದೆ ಮಾಡಿ, ಫೆಲ್ಟ್‌ನ ಅಂಚಿನ ಮೇಲೆ ಇಟ್ಟು, ಹೆಬ್ಬೆರಳಿಂದ ಒತ್ತಿ ಉಜ್ಜುತ್ತೇನೆ. ಕೆಂಪು ಮತ್ತು ಮರೂನ್ ಫೆಲ್ಟ್‌ಗೆ ಇದು ಕಡ್ಡಾಯ. ಚಿಂದಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಆ ಪ್ಯಾಚ್ ಬಿಳಿ ಜಾಕೆಟ್ ಮೇಲೆ ಹೋಗೋ ಹಾಗಿಲ್ಲ.

ಅಳತೆ ವಿಷಯಕ್ಕೆ ಬಂದರೆ, ಎದೆಯ ಅಕ್ಷರ 4ರಿಂದ 6 ಇಂಚು ಎತ್ತರ. ಶನೀಲ್‌ನಲ್ಲಿ ಕಾಲು ಇಂಚಿಗಿಂತ ಸಣ್ಣ ಗೆರೆ ನಿಲ್ಲಲ್ಲ, ಕುಣಿಕೆಯಲ್ಲಿ ಮುಳುಗಿಹೋಗುತ್ತದೆ. ಚೂಪು ಮೂಲೆಯೂ ಮೊಂಡಾಗುತ್ತದೆ. ಇಂಗ್ಲಿಷಿನ 'ಎಂ', 'ಎನ್' ಮೂಲೆಗಳನ್ನು ಹಿಂಬದಿಯ ಫೆಲ್ಟ್ ಕಟಿಂಗ್ ಕಾಪಾಡಬೇಕು. ಅದಕ್ಕೇ ಅಕ್ಷರದ ಸುತ್ತ ಇನ್ನೊಂದು ಬಣ್ಣದ ಫೆಲ್ಟ್ ಒಂದು ನೂಲಿನಷ್ಟು, ಎರಡು ನೂಲಿನಷ್ಟು (ಇಲ್ಲಿ ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ) ಹೊರಗೆ ಬಿಡೋದು. ನಮ್ಮ ಕನ್ನಡ ಅಕ್ಷರಗಳಿಗೆ ಈ ಕಷ್ಟ ಕಮ್ಮಿ. ಎಲ್ಲ ದುಂಡಗೆ ತಾನೇ? ಒಂದು ಬ್ಯಾಚ್‌ನವರು 'ಕ' ಒಂದೇ ಅಕ್ಷರವನ್ನು ಹಳದಿ ಶನೀಲ್, ಕೆಂಪು ಫೆಲ್ಟ್‌ನಲ್ಲಿ ಮಾಡಿಸಿದ್ದರು. ನಾನು ನೋಡಿದ ಜಾಕೆಟ್‌ಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. 'ಕ'ದ ಒಳಗಿನ ಖಾಲಿ ಜಾಗ ಮುಚ್ಚಿಹೋಗದ ಹಾಗೆ ಸ್ವಲ್ಪ ಅಗಲ ಮಾಡಿಸಿದ್ದೆ, ಅಷ್ಟೇ.

ಆದರೆ ಅದೇ ಖುಷಿಯಲ್ಲಿ ಎಲ್ಲರ ಹೆಸರೂ ಕನ್ನಡದಲ್ಲಿ ಬೇಕು ಅಂದಾಗ ಕೆಲಸ ಬೇರೆಯೇ ಆಗುತ್ತದೆ. ಹೆಸರಿಗೆ ಶನೀಲ್ ಬೇಡ, ದಾರ ಪಕ್ಕಪಕ್ಕದಲ್ಲಿ ಒತ್ತಾಗಿ ನುಣ್ಣಗೆ ಕೂರುವ ಸ್ಯಾಟಿನ್ ಹೊಲಿಗೆಯ ಎಂಬ್ರಾಯ್ಡರಿ ಬೇಕು. ಅದರಲ್ಲೂ ಒಂದು ಗೆರೆ ಕನಿಷ್ಠ 1 ಮಿಲಿಮೀಟರ್ ದಪ್ಪ ಇರಬೇಕು. ಇಂಗ್ಲಿಷ್ ದೊಡ್ಡಕ್ಷರ 6 ಮಿಲಿಮೀಟರ್ ಎತ್ತರದಲ್ಲೂ ಓದಿಸಿಕೊಳ್ಳುತ್ತದೆ. ಕನ್ನಡ ಹಾಗಲ್ಲ. 'ಸೃಷ್ಟಿ' ಅಂತ ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ವಟ್ರಸುಳಿ. ಒಟ್ಟು ಎತ್ತರ 20 ಮಿಲಿಮೀಟರ್ ಕೊಟ್ಟರೂ ಮೂಲ ಅಕ್ಷರಕ್ಕೆ ಉಳಿಯೋದು ಸುಮಾರು 12. "ಅಕ್ಕಾ, ಇನ್ನೂ ಸ್ವಲ್ಪ ಚಿಕ್ಕದಾಗಿ ಬರಲ್ವಾ?" ಅಂತ ಕೇಳುತ್ತಾರೆ. ಬರುತ್ತದಪ್ಪಾ, ಓದೋಕೆ ಬರಲ್ಲ ಅಷ್ಟೇ.

ಮಹಾಪ್ರಾಣದ ಸಮಸ್ಯೆ ಇನ್ನೂ ಸೂಕ್ಷ್ಮ. 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು. ಫ್ಲೀಸ್ ಮೇಲೆ ಆ ಗೀಟು ಬಟ್ಟೆಯೊಳಗೆ ಇಳಿದುಬಿಟ್ಟರೆ 'ಧನ್ಯಾ' ಹೋಗಿ 'ದನ್ಯಾ' ಆಗುತ್ತದೆ. ಇದಕ್ಕೆ ಎರಡು ಕೆಲಸ ಮಾಡುತ್ತೇನೆ. ಪಂಚಿಂಗ್ ಮಾಡುವವರಿಗೆ, ಅಂದರೆ ಡಿಸೈನನ್ನು ಮೆಷಿನ್ ಓದುವ ಹೊಲಿಗೆ ಫೈಲ್ ಆಗಿ ಮಾಡುವವರಿಗೆ, ಆ ಗೀಟನ್ನು ಫಾಂಟ್‌ನಲ್ಲಿ ಇರೋದಕ್ಕಿಂತ ಉದ್ದ ಎಳೆಯೋಕೆ ಹೇಳುತ್ತೇನೆ. ಹೊಲಿಯುವಾಗ ಬಟ್ಟೆಯ ಮೇಲೆ ನೀರಿನಲ್ಲಿ ಕರಗುವ ತೆಳು ಹಾಳೆ ಹರಡುತ್ತೇನೆ. ಹೊಲಿಗೆ ಆ ಹಾಳೆಯ ಮೇಲೆ ಕೂರುತ್ತದೆ, ಆಮೇಲೆ ಹಾಳೆಯನ್ನು ಹರಿದು, ಉಳಿದಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಫಾಂಟ್ ಕೂಡ ಒಂದೇ ದಪ್ಪದ ಗೆರೆ ಇರೋದು ಆರಿಸಬೇಕು. ಮದುವೆ ಕಾರ್ಡಿನ ಅಲಂಕಾರದ ಫಾಂಟ್‌ಗಳಲ್ಲಿ ತಲಕಟ್ಟು ಕೂದಲಿನಷ್ಟು ತೆಳ್ಳಗಿರುತ್ತದೆ, ಅದನ್ನು ದಾರದಲ್ಲಿ ತರೋಕೆ ಆಗಲ್ಲ.

ಹೆಸರಿನ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಸಾಲದು. ಎಂಬ್ರಾಯ್ಡರಿ ಸಾಫ್ಟ್‌ವೇರ್ ಎಷ್ಟೋ ಕಡೆ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲ್ಲ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಪಂಚಿಂಗ್ ಮಾಡುವವರಿಗೆ ಕನ್ನಡ ಬರದಿದ್ದರೆ ಅದು ಹಾಗೇ ಮೆಷಿನ್‌ಗೆ ಹೋಗುತ್ತದೆ. ನಾನು ಕೋರಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬರೆಸಿ, ಕರ್ವ್ಸ್‌ಗೆ (ಅಕ್ಷರ ಕದಲದ ಹಾಗೆ ಗೆರೆಗಳ ಚಿತ್ರವಾಗಿ) ಬದಲಾಯಿಸಿ, ಪಿಡಿಎಫ್ ತೆಗೆದು, ಅದರ ಪ್ರಿಂಟ್ ಮೇಲೆ ಅವರವರ ಹೆಸರಿನ ಮುಂದೆ ಸಹಿ ಹಾಕಿಸಿಕೊಳ್ಳುತ್ತೇನೆ. ಸಹಿ ಕೇಳಿದಾಗಲೇ ಎಲ್ಲರೂ ತಮ್ಮ ಹೆಸರನ್ನು ಗಮನ ಇಟ್ಟು ಓದೋದು.

ಬೆನ್ನಿಗೆ ಏನು? ಎಲ್ಲರಿಗೂ ಇಲ್ಲಿ ದೊಡ್ಡ ಹುಲಿ, ದೊಡ್ಡ ಹದ್ದು ಬೇಕು. ಲೆಕ್ಕ ಹಾಕಿ ತೋರಿಸಿದರೆ ಸುಮ್ನಾಗುತ್ತಾರೆ. 10 ಇಂಚು ಉದ್ದ, 10 ಇಂಚು ಅಗಲದ ಜಾಗವನ್ನು ಪೂರ್ತಿ ದಾರದಲ್ಲಿ ತುಂಬಿದರೆ 40,000 ಸ್ಟಿಚ್ ದಾಟುತ್ತದೆ. ಮೆಷಿನ್ ನಿಮಿಷಕ್ಕೆ 700 ಸ್ಟಿಚ್ ಓಡಿದರೂ ಒಂದು ಜಾಕೆಟ್‌ಗೆ ಒಂದು ಗಂಟೆ ಹತ್ತಿರ. ರೇಟ್ ಇರೋದು ಸಾವಿರ ಸ್ಟಿಚ್ ಲೆಕ್ಕದಲ್ಲಿ, ಹಾಗಾಗಿ ಜೇಬಿಗೂ ಭಾರ. ಇಷ್ಟಾದ ಮೇಲೂ ಬೆನ್ನು ಹಲಗೆಯಂತೆ ಬಿರುಸಾಗಿ, ಸುತ್ತ ಬಟ್ಟೆ ನೆರಿಗೆ ಹಿಡಿಯುತ್ತದೆ. ಬೇರೆ ಅಂಗಡಿಯಲ್ಲಿ ಹೀಗೆ ಮಾಡಿಸಿ, ಸರಿಮಾಡಿಕೊಡಿ ಅಂತ ನನ್ನ ಹತ್ತಿರ ತಂದವರಿದ್ದಾರೆ. ಇಸ್ತ್ರಿಯಿಂದ ಆ ನೆರಿಗೆ ಹೋಗಲ್ಲ.

ನಾನು ಹೇಳೋ ದಾರಿ ಅಪ್ಲಿಕ್. ದೊಡ್ಡ ಆಕಾರವನ್ನು ಟ್ವಿಲ್ (ಓರೆಗೆರೆ ನೇಯ್ಗೆಯ ಗಟ್ಟಿ ಬಟ್ಟೆ) ಅಥವಾ ಫೆಲ್ಟ್ ಬಟ್ಟೆಯಲ್ಲೇ ಕತ್ತರಿಸಿ, ಅಂಚಿಗೆ ಮಾತ್ರ ಹೊಲಿಗೆ. ಹುಲಿಯ ಪಟ್ಟೆ, ಕಣ್ಣು, ಮೀಸೆ ಇಷ್ಟೇ ದಾರದಲ್ಲಿ. ಸ್ಟಿಚ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ದೂರದಿಂದ ಬಣ್ಣವೂ ಹೆಚ್ಚು ಎದ್ದು ಕಾಣುತ್ತದೆ. ಬೆನ್ನನ್ನು ಯಾರೂ ಹತ್ತಿರ ನಿಂತು ನೋಡಲ್ಲ, ಅಲ್ವಾ? ಕಾರಿಡಾರಿನ ಆ ತುದಿಯಿಂದ ಗೊತ್ತಾಗಬೇಕು, ಅಷ್ಟೇ.

ಎಂಬ್ರಾಯ್ಡರಿ ಮಾಡುವಾಗ ಬಟ್ಟೆಯ ಕೆಳಗೆ ಹಾಕುವ ಪೇಪರ್ ಬಗ್ಗೆ ಗಿರಾಕಿಗಳು ಕೇಳೋದೇ ಇಲ್ಲ, ಆದರೆ ಕೇಳಬೇಕು. ಫ್ಲೀಸ್‌ಗೆ ಸುತ್ತ ಹೆಚ್ಚಾದದ್ದನ್ನು ಮಾತ್ರ ಕತ್ತರಿಸಿ ತೆಗೆಯುವ ಗಟ್ಟಿ ಪೇಪರ್ ಬೇಕು. ಹೊಲಿಗೆಯ ಹಿಂದೆ ಅದು ಶಾಶ್ವತವಾಗಿ ಉಳಿದು ಬಟ್ಟೆ ಹಿಗ್ಗದಂತೆ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಹರಿದು ತೆಗೆಯುವ ಪೇಪರ್ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ನಾಲ್ಕು ಸಲ ಒಗೆದ ಮೇಲೆ ಅಕ್ಷರ ಅಲೆಅಲೆಯಾಗುತ್ತದೆ. ಜಾಕೆಟ್‌ನ ಒಳಗೆ ಕೈ ಹಾಕಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ದಾರ ಪಾಲಿಯೆಸ್ಟರ್ ಇರಲಿ. ರೇಯಾನ್ ಹೊಳಪು ಚೆನ್ನಾಗಿರುತ್ತದೆ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ.

ತೋಳು ರೆಕ್ಸಿನ್ ಆಗಿದ್ದರೆ ನೇರ ಎಂಬ್ರಾಯ್ಡರಿಗೆ ನಾನು ಸುಲಭಕ್ಕೆ ಒಪ್ಪಲ್ಲ. ಬಟ್ಟೆಯಲ್ಲಿ ಸೂಜಿ ಎಳೆಗಳ ಮಧ್ಯೆ ದಾರಿ ಮಾಡಿಕೊಂಡು ಹೋಗುತ್ತದೆ, ರೆಕ್ಸಿನ್‌ನಲ್ಲಿ ತೂತು ಮಾಡುತ್ತದೆ. ಆ ತೂತು ಮುಚ್ಚಲ್ಲ. ಹೊಲಿಗೆ ಒತ್ತೊತ್ತಾಗಿ ಬಿದ್ದರೆ ಅಂಚೆ ಚೀಟಿಯ ಅಂಚಿನ ಹಾಗೆ ಆಗಿ, ಅಕ್ಷರದ ಸಮೇತ ಕಿತ್ತುಕೊಂಡು ಬರಬಹುದು. ಫ್ರೇಮ್ ಒತ್ತಿದ ಗುರುತೂ ಉಳಿಯುತ್ತದೆ. ತೋಳಿಗೆ ಬ್ಯಾಚ್ ವರ್ಷ, ರೋಲ್ ನಂಬರ್ ಏನೇ ಇರಲಿ, ಬೇರೆ ಬಟ್ಟೆಯ ಮೇಲೆ ಪ್ಯಾಚ್ ಮಾಡಿ, ಸುತ್ತ ಒಂದೇ ಸಾಲು ಉದ್ದ ಹೊಲಿಗೆ ಹಾಕಿಸುತ್ತೇನೆ. ಅದೂ ತೋಳನ್ನು ಮೈಗೆ ಜೋಡಿಸುವ ಮೊದಲು. ಇಸ್ತ್ರಿಯಿಂದ ಅಂಟಿಸುವ ಪ್ಯಾಚ್ ರೆಕ್ಸಿನ್ ಮೇಲೆ ಬೇಡವೇ ಬೇಡ. ಆ ಅಂಟು ಕರಗೋಕೆ 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಬೇಕು, ಅಷ್ಟರಲ್ಲಿ ರೆಕ್ಸಿನ್ ಮುದುರಿಕೊಂಡಿರುತ್ತದೆ.

ಕಾಲೇಜಿನ ಲಾಂಛನಕ್ಕೆ ನೇಯ್ದ ಪ್ಯಾಚ್. ಅದರಲ್ಲಿ ಒಂದು ದೀಪ, ಪುಸ್ತಕ, ಹಲ್ಲಿನ ಚಕ್ರ, ಸುತ್ತ ಒಂದು ಸಂಸ್ಕೃತ ವಾಕ್ಯ ಇದ್ದೇ ಇರುತ್ತದೆ. 3 ಇಂಚಿನೊಳಗೆ ಇಷ್ಟನ್ನೆಲ್ಲ ಎಂಬ್ರಾಯ್ಡರಿ ಮಾಡಿದರೆ ವಾಕ್ಯ ದಾರದ ಉಂಡೆ ಆಗುತ್ತದೆ. ನೇಯ್ದ ಪ್ಯಾಚ್‌ನಲ್ಲಿ ಎಳೆ ತುಂಬಾ ಸಣ್ಣದು, ಸಣ್ಣ ಅಕ್ಷರವೂ ನಿಲ್ಲುತ್ತದೆ. ಕಾಲೇಜಿನ ಅನುಮತಿ ತಗೊಂಡಿದ್ದೀರಾ ಅಂತಲೂ ಕೇಳುತ್ತೇನೆ. ಎಷ್ಟೋ ಸಲ ಈ ಪ್ರಶ್ನೆ ಬಂದ ಕೂಡಲೇ ಲಾಂಛನ ಹೋಗಿ ಬ್ರಾಂಚ್ ಹೆಸರು ಬರುತ್ತದೆ!

ಹೆಸರನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಟ್ವಿಲ್ ಪಟ್ಟಿಯ ಮೇಲೆ ಹೊಲಿದು, ಬಿಡಿಯಾಗಿ ಕವರ್‌ನಲ್ಲಿ ಇಟ್ಟಿರುತ್ತೇನೆ. ಮೊದಲು ಎಲ್ಲರೂ ಜಾಕೆಟ್ ಹಾಕಿ ನೋಡಲಿ. ಫಾರ್ಮ್‌ನಲ್ಲಿ ಎಂ ಅಂತ ಬರೆದವರಿಗೆ ಎಲ್ ಬೇಕಾಗಿರುತ್ತದೆ, ಎಲ್ ಅಂದವರು ಅದರಲ್ಲಿ ಮುಳುಗಿಹೋಗಿರುತ್ತಾರೆ. ತಮ್ಮ ತಮ್ಮಲ್ಲೇ ಅದಲು ಬದಲು ಮಾಡಿಕೊಳ್ಳಲಿ. ಅದು ಮುಗಿದ ಮೇಲೆ ಬಲಗಡೆ ಎದೆಗೆ ಪಟ್ಟಿ ಇಟ್ಟು, ಗುಂಡಿಯ ಸಾಲಿನಿಂದ ಅಳತೆ ತಗೊಂಡು ಹೊಲಿಯುತ್ತೇನೆ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಒಗೆಯಿರಿ, ಶನೀಲ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ ಅಂತ ಒಂದು ಚೀಟಿ ಬರೆದು ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಕೈಗೆ ಕೊಟ್ಟು, ಗ್ರೂಪಿಗೆ ಹಾಕಪ್ಪಾ ಅನ್ನುತ್ತೇನೆ.