ಹೋಮ್ ಸೈನ್ಸ್, ನ್ಯೂಟ್ರಿಷನ್ ಓದಬೇಕೆ? ಕಾಸರಗೋಡಿನ ಪ್ಲಸ್ ಟು ಮಕ್ಕಳಿಗೆ ದಾರಿ ಹೀಗಿದೆ

ಪ್ಲಸ್ ಟು ಫಲಿತಾಂಶ ಬಂದ ವಾರ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಮನೆಯಲ್ಲೂ ಎರಡೇ ಮಾತು. ನೀಟ್ ಎಷ್ಟು ಬಂತು? ಇಲ್ಲದಿದ್ದರೆ ನರ್ಸಿಂಗ್ ಎಲ್ಲಿ? ಬಯಾಲಜಿ ಇಷ್ಟ, ಆದರೆ ಡಾಕ್ಟರ್ ಆಗಲೇಬೇಕೆಂಬ ಹಟ ಇಲ್ಲ ಎನ್ನುವ ಮಕ್ಕಳು ಈ ಗದ್ದಲದಲ್ಲಿ ಸುಮ್ನೆ ಕೂತಿರುತ್ತಾರೆ. ಅಂಥವರಲ್ಲಿ ಯಾರಾದರೂ ‘ನಾನು ಹೋಮ್ ಸೈನ್ಸ್ ಓದುತ್ತೇನೆ’ ಎಂದರೆ ಅಜ್ಜಿಯ ಪ್ರಶ್ನೆ ತಯಾರಿರುತ್ತದೆ: ಅಡುಗೆ ಕಲಿಯಲು ಕಾಲೇಜು ಬೇಕಾ?

ಅಜ್ಜಿಗೆ ಉತ್ತರ ಕೊಡಲು ಮೊದಲು ನಮಗೆ ವಿಷಯ ಗೊತ್ತಿರಬೇಕಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಒಂದು: ಈ ಓದಿನೊಳಗೆ ಏನಿದೆ ನೋಡಿ

ನಿಮ್ಮ ಹತ್ತಿರದ ಅಂಗನವಾಡಿಗೆ ಹೋಗಿ ‘ಅಮೃತಂ ನ್ಯೂಟ್ರಿಮಿಕ್ಸ್’ ಪ್ಯಾಕೆಟ್ ಒಂದನ್ನು ಕೈಗೆ ತೆಗೆದುಕೊಳ್ಳಿ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಮನೆಗೆ ಕೊಡುವ ಪುಡಿ ಇದು. ಕೇರಳದಾದ್ಯಂತ ಕುಟುಂಬಶ್ರೀ ಹೆಂಗಸರ ಘಟಕಗಳು ಇದನ್ನು ತಯಾರಿಸುತ್ತವೆ. ಮಿಶ್ರಣವನ್ನು ರೂಪಿಸಿದ್ದು ಮಾತ್ರ ನಮ್ಮದೇ ಕಾಸರಗೋಡಿನ ಸಿಪಿಸಿಆರ್‌ಐ. ತೆಂಗಿನ ಸಂಶೋಧನೆಯ ಕೇಂದ್ರ ಎಂದಷ್ಟೇ ನಾವು ಅದನ್ನು ಬಲ್ಲೆವು.

ಪುಡಿಯಲ್ಲಿರುವುದು ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ಬರೀ ಗೋಧಿ ಕೊಟ್ಟರೆ ಸಾಲದೇ? ಸಾಲದು. ಪ್ರೊಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಧಾನ್ಯಕ್ಕೆ ಲೈಸಿನ್ ಕಡಿಮೆ, ಬೇಳೆಕಾಳಿಗೆ ಮೆಥಿಯೊನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದು ನ್ಯೂಟ್ರಿಷನ್ ಪಾಠ. ನೆಲಗಡಲೆಗೆ ತೇವ ತಾಗಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು, ನಮ್ಮ ಮಳೆಗಾಲದಲ್ಲಿ ಆ ಭಯ ಜಾಸ್ತಿ. ಹುರಿಯುವುದು, ಒಣಗಿಸುವುದು, ಪ್ಯಾಕ್ ಮಾಡುವುದು ಫುಡ್ ಸೈನ್ಸ್ ಪಾಠ. ಪ್ಯಾಕೆಟ್ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿಯ ಸಂಖ್ಯೆ ಇರಬೇಕು. ಇದು ಗ್ರಾಹಕ ಶಿಕ್ಷಣ. ಇನ್ನು ಆ ಪುಡಿ ಮನೆಗೆ ಹೋದ ಮೇಲೆ ಮಗುವೇ ತಿನ್ನುತ್ತದಾ, ಅಣ್ಣ ಅಕ್ಕನೂ ಪಾಲು ಕೇಳುತ್ತಾರಾ, ಅಮ್ಮ ಅದನ್ನು ಕಲಸುವುದು ಹೇಗೆ? ಇದು ಹ್ಯೂಮನ್ ಡೆವಲಪ್‌ಮೆಂಟ್ ಮತ್ತು ವಿಸ್ತರಣಾ ಶಿಕ್ಷಣಕ್ಕೆ, ಅಂದರೆ ಮಗುವಿನ ಬೆಳವಣಿಗೆಯ ಓದು ಮತ್ತು ಜನರ ಬಳಿಗೇ ಹೋಗಿ ಕಲಿಸುವ ಪಾಠಕ್ಕೆ ಬಂತು.

ಒಂದು ಪ್ಯಾಕೆಟ್‌ನಲ್ಲಿ ಇಷ್ಟು. ಇದರ ಜೊತೆಗೆ ಬಟ್ಟೆಯ ವಿಜ್ಞಾನ, ಮನೆಯ ದುಡ್ಡು ಮತ್ತು ಸಮಯದ ನಿರ್ವಹಣೆ ಇದೆ. ವ್ಯಾಯಾಮ ವಿಜ್ಞಾನ ಹೆಚ್ಚಾಗಿ ಬೇರೆ ಪದವಿಯಾಗಿಯೇ ಇರುತ್ತದೆ. ಹುಡುಗರೂ ಇದನ್ನೆಲ್ಲ ಓದಬಹುದು. ಕೆಲವು ಕಾಲೇಜುಗಳು ಹೆಣ್ಣುಮಕ್ಕಳಿಗೆ ಮಾತ್ರ, ಅಷ್ಟೇ.

ಎರಡು: ಕೋರ್ಸಿನ ಹೆಸರಲ್ಲ, ಪೇಪರುಗಳ ಪಟ್ಟಿ ಓದಿ

ಇಲ್ಲಿ ಅವಸರ ಮಾಡಬೇಡಿ. ಒಂದೇ ಓದಿಗೆ ಹತ್ತು ಹೆಸರು. ಕೇರಳದ ಒಂದು ವಿಶ್ವವಿದ್ಯಾಲಯದಲ್ಲಿ ಹೋಮ್ ಸೈನ್ಸ್, ಇನ್ನೊಂದರಲ್ಲಿ ಫ್ಯಾಮಿಲಿ ಆ್ಯಂಡ್ ಕಮ್ಯುನಿಟಿ ಸೈನ್ಸ್. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂದೆ ಗೃಹ ವಿಜ್ಞಾನ ಎನ್ನುತ್ತಿದ್ದುದು ಈಗ ಕಮ್ಯುನಿಟಿ ಸೈನ್ಸ್ ಆಗಿದೆ. ಹಾಗೆಯೇ ಫುಡ್ ಸೈನ್ಸ್, ಫುಡ್ ಟೆಕ್ನಾಲಜಿ, ನ್ಯೂಟ್ರಿಷನ್ ಆ್ಯಂಡ್ ಡಯಟೆಟಿಕ್ಸ್ ಮೂರೂ ಒಂದೇ ಎಂದುಕೊಂಡು ಸೇರುವವರಿದ್ದಾರೆ. ಒಂದೇ ಅಲ್ಲ. ಫುಡ್ ಟೆಕ್ನಾಲಜಿಯವರ ಗಮನ ಕಾರ್ಖಾನೆಯ ಕಡೆ, ಡಯಟೆಟಿಕ್ಸ್‌ನವರ ಗಮನ ರೋಗಿಯ ತಟ್ಟೆಯ ಕಡೆ.

ಆದ್ದರಿಂದ ಕಾಲೇಜಿನ ಬಣ್ಣದ ಪುಸ್ತಿಕೆ ಬದಿಗಿಡಿ. ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಸಿಲಬಸ್ ಇಳಿಸಿಕೊಂಡು, ಎಲ್ಲ ಸೆಮಿಸ್ಟರಿನ ಪೇಪರುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಎಷ್ಟಿವೆ ಎಣಿಸಿ. ಡಯಟಿಷಿಯನ್ ಆಗುವ ಆಸೆಯಿದ್ದು ಈ ಮೂರೂ ತೆಳ್ಳಗಿದ್ದರೆ ಆ ಕಾಲೇಜು ನಿಮಗಲ್ಲ. ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇದೆಯಾ, ಎಷ್ಟು ವಾರ ಎಂದು ಕೇಳಿ. ‘ಇದೆ ಇದೆ’ ಎಂದಷ್ಟೇ ಹೇಳಿದರೆ ಕಳೆದ ವರ್ಷದ ಮಕ್ಕಳನ್ನು ಹುಡುಕಿ ಕೇಳಿ.

ಆಟದಲ್ಲಿ ಮನಸ್ಸಿರುವವರಿಗೆ ಇನ್ನೊಂದು ಗೊಂದಲ. ಕಬಡ್ಡಿ ಆಡಿ ಬೆಳೆದ ಹುಡುಗ ಬಿಪಿಎಡ್‌ಗೆ ಸೇರುತ್ತೇನೆ ಎಂದು ಪ್ಲಸ್ ಟು ಮುಗಿಸಿದ ಕೂಡಲೇ ಹೊರಡುತ್ತಾನೆ. ದೈಹಿಕ ಶಿಕ್ಷಕರ ತರಬೇತಿಯಾದ ಬಿಪಿಎಡ್ ಸಾಮಾನ್ಯವಾಗಿ ಪದವಿಯ ಮೇಲಿನ ಎರಡು ವರ್ಷದ ಕೋರ್ಸ್. ಪ್ಲಸ್ ಟು ಆದ ಕೂಡಲೇ ಸೇರಬಹುದಾದದ್ದು ಬಿಪಿಇಎಸ್ ಎಂಬ ದೈಹಿಕ ಶಿಕ್ಷಣ, ಕ್ರೀಡೆಯ ಪದವಿ. ಕಣ್ಣೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ ಮಾಙಾಟ್ಟುಪರಂಬದಲ್ಲಿದೆ, ತಿರುವನಂತಪುರದ ಕಾರ್ಯವಟ್ಟದಲ್ಲಿ ಲಕ್ಷ್ಮೀಬಾಯಿ ಕಾಲೇಜಿದೆ. ಇಂಥ ಕೋರ್ಸುಗಳಿಗೆ ಸಾಮಾನ್ಯವಾಗಿ ಮಾರ್ಕಿನ ಜೊತೆ ಓಟ, ಜಿಗಿತದ ಪರೀಕ್ಷೆಯೂ ಇರುತ್ತದೆ. ಫಲಿತಾಂಶ ಬಂದ ಮೇಲೆ ಓಡಲು ಶುರು ಮಾಡಿದರೆ ತಡವಾಯಿತು.

ಮೂರು: ಕೆಲಸದ ಕಡೆಯಿಂದ ಹಿಂದಕ್ಕೆ ಬನ್ನಿ

ಬಿಎಸ್ಸಿ ಮುಗಿಸಿದ ಮರುದಿನ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗುತ್ತೇನೆ ಎಂಬ ಲೆಕ್ಕ ಬೇಡ. ದೊಡ್ಡ ಆಸ್ಪತ್ರೆಗಳು ಎಂಎಸ್ಸಿ ಅಥವಾ ಡಯಟೆಟಿಕ್ಸ್‌ನಲ್ಲಿ ಪಿಜಿ ಡಿಪ್ಲೊಮಾ, ಜೊತೆಗೆ ಇಂಟರ್ನ್‌ಶಿಪ್ ಕೇಳುತ್ತವೆ. ರಿಜಿಸ್ಟರ್ಡ್ ಡಯಟಿಷಿಯನ್ ಎನಿಸಿಕೊಳ್ಳಲು ಇಂಡಿಯನ್ ಡಯಟೆಟಿಕ್ ಅಸೋಸಿಯೇಶನ್‌ನ ಪರೀಕ್ಷೆ ಬೇರೆ ಇದೆ. ಅಂದರೆ ಐದಾರು ವರ್ಷದ ದಾರಿ. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ದೂರಶಿಕ್ಷಣದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಡಯಟಿಷಿಯನ್, ಪಬ್ಲಿಕ್ ಹೆಲ್ತ್ ನ್ಯೂಟ್ರಿಷನಿಸ್ಟ್, ಸ್ಪೋರ್ಟ್ಸ್ ನ್ಯೂಟ್ರಿಷನಿಸ್ಟ್ ಎಲ್ಲರೂ ಇದ್ದಾರೆ. ಅದರ ಬೆನ್ನಲ್ಲೇ ಫುಡ್ ಆ್ಯಂಡ್ ನ್ಯೂಟ್ರಿಷನ್ ಸೈನ್ಸ್, ಕ್ಲಿನಿಕಲ್ ನ್ಯೂಟ್ರಿಷನ್ ಆ್ಯಂಡ್ ಡಯಟೆಟಿಕ್ಸ್‌ನಂಥ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ 2025ರ ಜುಲೈ–ಆಗಸ್ಟ್‌ನಿಂದ ನಡೆಸಬಾರದೆಂದು ಯುಜಿಸಿ ಹೇಳಿದೆ. ‘ಮನೆಯಲ್ಲೇ ಕೂತು ಡಯಟಿಷಿಯನ್ ಪದವಿ’ ಎಂಬ ಜಾಹೀರಾತು ಫೋನಿಗೆ ಬಂದರೆ ಅಳಿಸಿಬಿಡಿ.

ಪಿಎಸ್‌ಸಿ ಕೆಲಸ ಬೇಕೆನ್ನುವವರು ಹಳೆಯ ನೋಟಿಫಿಕೇಶನ್ ತೆಗೆದು ಅರ್ಹತೆಯ ಸಾಲು ಓದಬೇಕು. ಉದಾಹರಣೆಗೆ ಫುಡ್ ಸೇಫ್ಟಿ ಆಫೀಸರ್. 2011ರ ಕೇಂದ್ರ ನಿಯಮದಲ್ಲಿ ಫುಡ್ ಟೆಕ್ನಾಲಜಿ, ಡೇರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಎಂದು ಪದವಿಗಳ ಹೆಸರನ್ನೇ ಬರೆದಿದ್ದಾರೆ. ಆಹಾರದ ಬಗ್ಗೆ ಎಷ್ಟು ಓದಿದ್ದರೂ ಸರ್ಟಿಫಿಕೇಟಿನಲ್ಲಿರುವ ಪದವಿಯ ಹೆಸರು ಪಟ್ಟಿಗೆ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆಯ ಸೂಪರ್‌ವೈಸರ್ ಆಗಬೇಕೆನ್ನುವವರೂ ಅದೇ ಸಾಲನ್ನು ನೋಡಿಕೊಳ್ಳಿ. ಹೈಯರ್ ಸೆಕೆಂಡರಿಯಲ್ಲಿ ಹೋಮ್ ಸೈನ್ಸ್ ಕಲಿಸಲು ಎಂಎಸ್ಸಿ, ಬಿಎಡ್, ಮೇಲೆ ಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ.

ನನಗೆ ಅನಿಸುವಂತೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಬೇಕಾಗಿರುವುದು, ಕಡಿಮೆ ಮಂದಿ ಯೋಚಿಸುವುದು ಹ್ಯೂಮನ್ ಡೆವಲಪ್‌ಮೆಂಟ್ ಕಡೆಯ ಓದು. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಪಂಚಾಯತುಗಳಿವೆ, ಭಿನ್ನಸಾಮರ್ಥ್ಯದ ಮಕ್ಕಳ ಬಡ್ಸ್ ಶಾಲೆಗಳಿವೆ. ಅಲ್ಲಿನ ತಾಯಂದಿರ ಹತ್ತಿರ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಮಾತಾಡಬಲ್ಲ ಮಕ್ಕಳು ನೀವೇ. ಹೊರಗಿನಿಂದ ಬಂದವರಿಗೆ ಇದು ಸುಲಭಕ್ಕೆ ಒದಗುವುದಿಲ್ಲ.

ನಾಲ್ಕು: ಈಚೆಯಾ, ಆಚೆಯಾ?

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯದನ್ನೂ ಮುಗಿಸಿದರೆ ಆನರ್ಸ್. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರಕ್ಕೆ ಮರಳಿತು. ಎಂಎಸ್ಸಿಯನ್ನು ಇನ್ನೊಂದು ರಾಜ್ಯದಲ್ಲಿ ಮಾಡುವ ಯೋಚನೆ ಇದ್ದರೆ ಈ ವ್ಯತ್ಯಾಸ ತಲೆಯಲ್ಲಿರಲಿ.

ಮಂಗಳೂರಿನ ಖಾಸಗಿ ಕಾಲೇಜಿಗೆ ನೇರವಾಗಿ ಅರ್ಜಿ ಹಾಕಬಹುದು. ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಆನರ್ಸ್ ಕಮ್ಯುನಿಟಿ ಸೈನ್ಸ್ ಬೇಕೆಂದರೆ ಕರ್ನಾಟಕದ ಸಿಇಟಿ ಬರೆಯಬೇಕು. ಇಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಅವಕಾಶವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು, ಹಾಗೆಯೇ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದವರು ಅದರಡಿ ಬರುತ್ತಾರೆ. ಊರು, ಮಾತೃಭಾಷೆ, ಓದಿನ ದಾಖಲೆ ತೋರಿಸಬೇಕು, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಅರ್ಜಿ ತುಂಬುವಾಗಲೇ ಆ ಕಾಲಂ ಆರಿಸಬೇಕು. ಕೌನ್ಸೆಲಿಂಗ್‌ಗೆ ಹೋಗಿ ‘ನಾವೂ ಕನ್ನಡದವರೇ’ ಎಂದರೆ ಕೇಳುವವರಿಲ್ಲ.

ಕಾಗದಪತ್ರಕ್ಕೆ ಅಕ್ಷಯ ಕೇಂದ್ರಕ್ಕೆ ಮೇ ತಿಂಗಳಲ್ಲೇ ಹೋಗಿ. ನೇಟಿವಿಟಿ, ವರಮಾನ, ಜಾತಿ ಸರ್ಟಿಫಿಕೇಟುಗಳು ವಿಲೇಜ್ ಆಫೀಸು, ತಾಲೂಕು ಆಫೀಸು ದಾಟಿ ಬರಲು ದಿನ ಹಿಡಿಯುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಮಾಮೂಲು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಅಕ್ಷರ ಪಲ್ಲಟವಾಗುತ್ತದೆ. ಮೊದಲು ಅದನ್ನು ಸರಿ ಮಾಡಿಸಿ. ಆಚೆ ಸೇರುವವರಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಕೂಡ ಬೇಕಾಗುತ್ತದೆ.

ಐದು: ಸೇರುವ ಮೊದಲು ಒಂದು ಪ್ರಾಕ್ಟಿಕಲ್ ಮಾಡಿ ನೋಡಿ

ಈ ಓದು ನಿಮಗೆ ಹಿಡಿಸುತ್ತದಾ ಎಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಡಯಟೆಟಿಕ್ಸ್ ವಿದ್ಯಾರ್ಥಿಗಳು ಮೊದಮೊದಲು ಕಲಿಯುವ ಕೆಲಸಗಳಲ್ಲಿ ಒಂದು ಹಿಂದಿನ 24 ಗಂಟೆಯಲ್ಲಿ ಒಬ್ಬರು ಏನೇನು ತಿಂದರು ಎಂದು ಕೇಳಿ ಬರೆಯುವುದು. ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಕೂತುಕೊಳ್ಳಿ.

‘ಬೆಳಿಗ್ಗೆ ಎಂತ ತಿಂದಿರಿ ದೊಡ್ಡಮ್ಮ?’

‘ಎಂತ ಇಲ್ಲ ಮಗಾ, ಸ್ವಲ್ಪ ಗಂಜಿ.’

ಆ ‘ಎಂತ ಇಲ್ಲ’ ಮತ್ತು ‘ಸ್ವಲ್ಪ’ದ ಒಳಗೆ ಹೋಗುವುದೇ ವಿದ್ಯೆ. ಯಾವ ಬಟ್ಟಲು? ಆ ಬಟ್ಟಲಿಗೆ ನೀರು ತುಂಬಿ ಅಳೆಯಿರಿ. ಮನೆಗೆ ಎಷ್ಟು ಕುಚ್ಚಲಕ್ಕಿ ಹಾಕಿದರು, ಎಷ್ಟು ಜನ ಉಂಡರು? ಗಂಜಿಯ ಜೊತೆ ಚಟ್ನಿಯಾ, ಒಣಮೀನಾ? ಹತ್ತು ಗಂಟೆಗೆ ಚಾ ಕುಡಿದದ್ದನ್ನು ಯಾರೂ ಹೇಳುವುದಿಲ್ಲ, ಕೇಳಬೇಕು. ಸಕ್ಕರೆ ಎಷ್ಟು ಚಮಚ? ಎಣ್ಣೆಯ ಲೆಕ್ಕ ಒಂದು ದಿನದ್ದು ಸಿಗುವುದಿಲ್ಲ. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ ಎಂದು ಕೇಳಿ ತಲೆಗೆ ಭಾಗಿಸಿ. ಬೈಯುವ ಧ್ವನಿ ಬಂದರೆ ದೊಡ್ಡಮ್ಮ ಸುಳ್ಳು ಹೇಳಲು ಶುರು ಮಾಡುತ್ತಾರೆ. ಹಾಗಾಗಿ ಹುಬ್ಬು ಏರಿಸಬೇಡಿ.

ಈಗ ಲೆಕ್ಕ. ರಾಷ್ಟ್ರೀಯ ಪೋಷಣಾ ಸಂಸ್ಥೆಯಾದ ಐಸಿಎಂಆರ್–ಎನ್‌ಐಎನ್ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕು. ದೊಡ್ಡಮ್ಮನ ತೂಕ 55 ಕಿಲೋ ಎಂದಿಟ್ಟುಕೊಳ್ಳಿ, ಸುಮಾರು 46 ಗ್ರಾಂ ಆಯಿತು. ದಿನಕ್ಕೆ 250 ಗ್ರಾಂ ಅಕ್ಕಿಯ ಅನ್ನ, ಗಂಜಿ, ದೋಸೆ ಹೊಟ್ಟೆಗೆ ಹೋದರೆ ಅದರಿಂದ 20 ಗ್ರಾಂ ಹತ್ತಿರ ಸಿಗುತ್ತದೆ. 30 ಗ್ರಾಂ ಹುರುಳಿಯ ಸಾರಿನಿಂದ ಆರೇಳು ಗ್ರಾಂ. ಇನ್ನೂ ಇಪ್ಪತ್ತು ಗ್ರಾಂ ಬೇಕು. ಮೀನು ತಿನ್ನುವ ಮನೆಯಾದರೆ 100 ಗ್ರಾಂ ಬಂಗುಡೆಯಲ್ಲಿ ಆ ಬಾಕಿ ತೀರುತ್ತದೆ. ತಿನ್ನದ ಮನೆಯಾದರೆ? ತೊಗರಿ, ಹೆಸರು, ಮೊಸರು ಸೇರಿಸುವುದು ಹೇಗೆ, ಅದಕ್ಕೆ ದಿನಕ್ಕೆ ಎಷ್ಟು ರೂಪಾಯಿ? ತಂಬುಳಿ ರುಚಿಗೆ ಚೆನ್ನ, ಆದರೆ ಅದರಲ್ಲಿ ಮಜ್ಜಿಗೆಗಿಂತ ನೀರೇ ಜಾಸ್ತಿ. ಯಾವ ಪದಾರ್ಥದಲ್ಲಿ ಏನೆಷ್ಟು ಎಂಬುದಕ್ಕೆ ಹೈದರಾಬಾದಿನ ಎನ್‌ಐಎನ್‌ನವರ 2017ರ ಇಂಡಿಯನ್ ಫುಡ್ ಕಾಂಪೊಸಿಷನ್ ಟೇಬಲ್ಸ್ ಇದೆ.

ಇಷ್ಟು ಬರೆದು ಮುಗಿಸುವಾಗ ನಿಮಗೆ ಬೇಜಾರು ಬಂದಿತೋ, ಇನ್ನೊಂದು ಮನೆಗೆ ಹೋಗಬೇಕು ಅನಿಸಿತೋ ನೋಡಿಕೊಳ್ಳಿ. ಬೇಜಾರಾದರೆ ಡಯಟೆಟಿಕ್ಸ್ ಬಿಟ್ಟು ಫುಡ್ ಟೆಕ್ನಾಲಜಿ ಕಡೆ ನೋಡಬಹುದು. ಅಲ್ಲಿ ಜನರಿಗಿಂತ ಯಂತ್ರಗಳ ಜೊತೆ ವ್ಯವಹಾರ ಜಾಸ್ತಿ.

ಆರು: ಸೀಟು ಸಿಕ್ಕಿದ ಮೇಲೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಸೆಮಿಸ್ಟರ್ ಭಾರ ಅನಿಸಬಹುದು. ವಿಷಯ ಕಷ್ಟವೆಂದಲ್ಲ, ಬಯೋಕೆಮಿಸ್ಟ್ರಿಯ ಇಂಗ್ಲಿಷ್ ಹೆಸರುಗಳು ಒಮ್ಮೆಲೇ ಬಂದು ಬೀಳುತ್ತವೆ. ರಜೆಯಲ್ಲೇ ಪ್ಲಸ್ ಟು ಕೆಮಿಸ್ಟ್ರಿಯ ಬಯೋಮಾಲಿಕ್ಯೂಲ್ ಪಾಠವನ್ನು ಮತ್ತೆ ಓದಿ, ಜೀರ್ಣಕ್ರಿಯೆಯ ಬಗ್ಗೆಯೂ ಸ್ವಲ್ಪ ಓದಿಕೊಳ್ಳಿ. ಪ್ಲಸ್ ಟುವಿನಲ್ಲಿ ಹೋಮ್ ಸೈನ್ಸ್ ತೆಗೆದುಕೊಂಡವರಿಗೆ ಸ್ವಲ್ಪ ಅನುಕೂಲ. ತೆಗೆದುಕೊಳ್ಳದವರು ಹೆದರಬೇಕಿಲ್ಲ.

ಮಂಗಳೂರಿಗೆ ಸೇರಿದವರು ಹಾಸ್ಟೆಲಿಗೆ ದುಡ್ಡು ಕಟ್ಟುವ ಮೊದಲು ರೈಲಿನ ಲೆಕ್ಕ ಹಾಕಿ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಹತ್ತಿರ. ಪದವಿ ಮುಗಿಯುವವರೆಗೆ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ತಿಂಗಳ ಸೀಸನ್ ಟಿಕೆಟ್ ಉಚಿತ. ಕಾಲೇಜು ಹುಡುಗರಿಗೆ ರಿಯಾಯಿತಿ ಇದೆ. ಇದಕ್ಕೆ ಕಾಲೇಜಿನವರು ಸಹಿ, ಸೀಲು ಹಾಕಿದ ಫಾರಂ ಬೇಕು. ಕೇಳದೆ ಯಾರೂ ಕೊಡುವುದಿಲ್ಲ, ಅಡ್ಮಿಶನ್ ದಿನವೇ ಆಫೀಸಿನಲ್ಲಿ ಕೇಳಿ ಬರೆಸಿಕೊಳ್ಳಿ.