ಪಾರ್ಕಿನ ಇಡೀ ದಿನಕ್ಕೆ ಪಾದರಕ್ಷೆ ಆರಿಸುವುದು ಹೇಗೆ?

ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿನಿಂದ ಸಂಜೆ ಹೊರಬರುವ ಪ್ರವಾಸಿಗರಲ್ಲಿ ಯಾರು ಹೊಸ ಶೂ ಹಾಕಿಕೊಂಡು ಬಂದಿದ್ದಾರೆಂಬುದನ್ನು ನಡಿಗೆಯಿಂದಲೇ ಹೇಳಬಹುದು. ಕೆಲವು ಮಕ್ಕಳು ಶೂವಿನ ಹಿಂಬದಿಯನ್ನು ಮಡಚಿ ತುಳಿದುಕೊಂಡು ಕಾಲೆಳೆಯುತ್ತಿರುತ್ತಾರೆ. ಜೊತೆಗೆ ಬಂದ ಹಿರಿಯರಲ್ಲಿ ಒಬ್ಬಿಬ್ಬರು ಚಪ್ಪಲಿಯನ್ನು ಕೈಯಲ್ಲೇ ಹಿಡಿದಿರುತ್ತಾರೆ. ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆಯಿಂದ ಹೊರಡುವವರ ತಯಾರಿ ಸಾಮಾನ್ಯವಾಗಿ ಒಂದೇ ರೀತಿಯದು: ತಿಂಡಿ, ಬಟ್ಟೆ, ಬಸ್ಸಿನ ಏರ್ಪಾಡು ಎಲ್ಲವನ್ನೂ ಮೊದಲೇ ಮುಗಿಸಿ, ಪಾದರಕ್ಷೆಯನ್ನು ಮಾತ್ರ ಹಿಂದಿನ ದಿನ ಪೇಟೆಗೆ ಹೋಗಿ ಅವಸರದಲ್ಲಿ ಕೊಳ್ಳುವುದು. ಈ ಕ್ರಮ ತಲೆಕೆಳಗಾಗಬೇಕು. ಪಾದರಕ್ಷೆಯ ಕೆಲಸ ಪ್ರವಾಸಕ್ಕೆ ಕನಿಷ್ಠ ಎರಡು ವಾರ ಇರುವಾಗಲೇ ಆರಂಭವಾಗಬೇಕು.

ಹಂತ 1: ಹೋಗುವ ಜಾಗವನ್ನು ತಿಳಿದುಕೊಳ್ಳಿ

ವಿಸ್ಮಯದಂಥ ಪಾರ್ಕಿನಲ್ಲಿ ನೀರಿನ ಆಟಗಳೇ ಪ್ರಧಾನ. ಬಿಡದಿ ಸಮೀಪದ ವಂಡರ್‌ಲಾದಲ್ಲಾಗಲಿ ಕೊಚ್ಚಿಯ ವಂಡರ್‌ಲಾದಲ್ಲಾಗಲಿ ಒಣ ಆಟಗಳೂ ನೀರಿನ ಆಟಗಳೂ ಒಂದೇ ಆವರಣದಲ್ಲಿರುವುದರಿಂದ, ದಿನದ ಅರ್ಧ ಹೊತ್ತು ಕಾಲು ಒಣಗಿರುತ್ತದೆ, ಇನ್ನರ್ಧ ಹೊತ್ತು ಒದ್ದೆಯಾಗಿರುತ್ತದೆ. ಇದಕ್ಕೆ ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಬೇಕು. ನಮ್ಮ ಕಡೆಯವರು ಬೆಂಗಳೂರಿಗಾಗಲಿ ಕೊಚ್ಚಿಗಾಗಲಿ ಹೋಗುವುದು ಹೆಚ್ಚಾಗಿ ರಾತ್ರಿಯ ಪ್ರಯಾಣದಲ್ಲಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತವರ ಪಾದಗಳು ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗಲೇ ಸ್ವಲ್ಪ ಊದಿಕೊಂಡಿರುತ್ತವೆ. ಮನೆಯಲ್ಲಿ ಸರಿಯಾಗಿದ್ದ ಶೂ ಪಾರ್ಕಿನ ಗೇಟಿನಲ್ಲೇ ಬಿಗಿಯಾಗುವುದು ಈ ಕಾರಣದಿಂದ. ಪರಶ್ಶಿನಿಕಡವಿಗೆ ಹೋದವರು ಅಲ್ಲಿನ ದೇವಸ್ಥಾನದಲ್ಲಿ ಮುತ್ತಪ್ಪನ ದರ್ಶನವನ್ನೂ ಮಾಡಿ ಬರುವುದು ರೂಢಿಯಾದ್ದರಿಂದ, ಬಿಚ್ಚಿ ಹಾಕುವುದೂ ಸುಲಭವಾಗಿರಬೇಕು.

ಇವೆಲ್ಲವನ್ನೂ ನೋಡಿದರೆ, ಹಿಮ್ಮಡಿಯ ಸುತ್ತ ಬಾರು ಇರುವ, ಒದ್ದೆಯಾದರೂ ಹಾಳಾಗದ ಸ್ಯಾಂಡಲ್ಲೇ ನಮ್ಮ ಹವೆಗೆ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಣ ಆಟಗಳಿಗಷ್ಟೇ ಹೋಗುವವರು ಮತ್ತು ಪಾದದ ನೋವಿರುವವರು ಶೂ ಹಾಕಲಿ. ಹವಾಯಿ ಚಪ್ಪಲಿ ಇಡೀ ದಿನಕ್ಕೆ ಬೇಡವೇ ಬೇಡ. ಅದು ಜಾರದಂತೆ ಹಿಡಿದುಕೊಳ್ಳಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡಬೇಕಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಆ ಆಯಾಸ ಮೀನಖಂಡದವರೆಗೂ ಏರುತ್ತದೆ. ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ನೀರು ಆಗದು, ಅದನ್ನು ಮದುವೆಮನೆಗೆ ಮೀಸಲಿಡಿ.

ಹಂತ 2: ಮನೆಯಲ್ಲಿರುವ ಜೋಡಿಯನ್ನು ಪರೀಕ್ಷಿಸಿ

ಕಾಲಿಗೆ ಈಗಾಗಲೇ ಒಗ್ಗಿದ ಒಳ್ಳೆಯ ಸ್ಯಾಂಡಲ್ ಅಥವಾ ಶೂ ಇದ್ದರೆ ಹೊಸದರ ಅಗತ್ಯವೇ ಇಲ್ಲ. ಆದರೆ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಶೂವನ್ನು ಮಾತ್ರ ನಂಬಬೇಡಿ. ಹಗುರವಾದ ಎಷ್ಟೋ ಶೂಗಳ ಅಟ್ಟೆಯನ್ನು ಪಾಲಿಯುರೆಥೇನ್‌ನಿಂದ ಮಾಡಿರುತ್ತಾರೆ. ಪಿಯು ಎಂದು ಅಂಗಡಿಯವರು ಕರೆಯುವ ಈ ವಸ್ತು ಗಾಳಿಯ ತೇವಾಂಶದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ಒಳಗಿಂದಲೇ ಶಿಥಿಲವಾಗುತ್ತದೆ, ಸೆಕೆ ಮತ್ತು ತೇವ ಎರಡೂ ಹೆಚ್ಚಿರುವ ಕರಾವಳಿಯಲ್ಲಿ ಈ ಕೆಲಸ ಇನ್ನಷ್ಟು ಬೇಗ ನಡೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಚರ್ಮಕ್ಕೆ ಬೂಸ್ಟು ಹಿಡಿಯುವುದು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಅಟ್ಟೆಯ ಈ ಹಾನಿ ಕಾಣುವುದಿಲ್ಲ. ಹೊರಗಿನಿಂದ ಹೊಸದರಂತೆಯೇ ಇರುವ ಶೂ ಹಾಕಿಕೊಂಡು ಅರ್ಧ ತಾಸು ನಡೆಯುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರಿದ್ದನ್ನು ನಮ್ಮೂರಿನ ಹಲವರು ಕಂಡಿದ್ದಾರೆ.

ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ನಂತರ ಶೂವನ್ನು ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಕಾಣಿಸಿದರೆ, ಕೈಗೆ ಅಂಟು ಅಥವಾ ಪುಡಿ ಹತ್ತಿದರೆ ಅದನ್ನು ಎಸೆಯಬೇಕು. ಅಂಟು ಹಾಕಿಸಿ ಒಂದು ದಿನಕ್ಕೆ ಸುಧಾರಿಸುತ್ತೇನೆ ಎಂಬ ಆಲೋಚನೆ ಬೇಡ, ಏಕೆಂದರೆ ಅಂಟು ಹಿಡಿಯಬೇಕಾದ ವಸ್ತುವೇ ಅಲ್ಲಿ ಗಟ್ಟಿಯಾಗಿ ಉಳಿದಿರುವುದಿಲ್ಲ.

ಹಂತ 3: ಅಳತೆ ತೆಗೆದು ಅಂಗಡಿಗೆ ಹೋಗಿ

ಜನರು ಎಡವುವುದು ಇಲ್ಲಿಯೇ. ತಮ್ಮದು ಏಳೋ ಎಂಟೋ ಎಂದು ಎಂದೋ ತಿಳಿದುಕೊಂಡ ಸಂಖ್ಯೆಯನ್ನು ಹೇಳಿ, ಕುಳಿತಲ್ಲೇ ಒಂದು ಕಾಲಿಗೆ ಹಾಕಿ ನೋಡಿ, ದುಡ್ಡು ಕೊಟ್ಟು ಬರುತ್ತಾರೆ. ವಯಸ್ಸಾದಂತೆ ಪಾದ ಅಗಲವಾಗುವುದುಂಟು, ಹೆರಿಗೆಯ ನಂತರ ಕೆಲವರ ಪಾದದ ಅಳತೆ ಹೆಚ್ಚುವುದೂ ಉಂಟು; ಸಾಲದ್ದಕ್ಕೆ ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಎಂಟಕ್ಕೆ ಸಮನಾಗಿರುವುದಿಲ್ಲ. ನಮ್ಮಲ್ಲಿ ರೂಢಿಯಲ್ಲಿರುವುದು ಬ್ರಿಟಿಷ್ ಕ್ರಮದ ಸಂಖ್ಯೆ. ಅದರಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಬೆರಳ ತುದಿಯ ಮಟ್ಟಿಗೆ ಇದು ಸಣ್ಣ ಅಂತರವಲ್ಲ.

ಹಾಗಾಗಿ ಮನೆಯಲ್ಲೇ ಅಳತೆ ತೆಗೆಯಿರಿ. ಪಾದ ಸಂಜೆಯ ಹೊತ್ತಿಗೆ ದೊಡ್ಡದಾಗಿರುವುದರಿಂದ ಈ ಕೆಲಸವನ್ನು ಸಂಜೆಯೇ ಮಾಡಬೇಕು. ನೆಲದ ಮೇಲೆ ಕಾಗದವಿಟ್ಟು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು ನಿಲ್ಲಿ. ಪಾದದ ಸುತ್ತ ಗೆರೆ ಎಳೆಯುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ. ತಾನೇ ಬಗ್ಗಿ ಎಳೆದರೆ ಭಾರ ಹಿಂದೆ ಸರಿದು ಅಳತೆ ಕಡಿಮೆ ಬರುತ್ತದೆ. ಪೆನ್ಸಿಲ್ಲು ನೆಟ್ಟಗಿರಬೇಕು, ಅದು ಪಾದದ ಅಡಿಗೆ ವಾಲಿದರೂ ಗೆರೆ ಒಳಗೆ ಸರಿಯುತ್ತದೆ. ಎರಡೂ ಪಾದಗಳ ಗೆರೆ ಎಳೆದು, ದೊಡ್ಡದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಬಹಳ ಮಂದಿಗೆ ಎರಡು ಪಾದಗಳು ಸಮನಾಗಿರುವುದಿಲ್ಲ. ಕೊಳ್ಳುವುದು ಯಾವಾಗಲೂ ದೊಡ್ಡ ಪಾದಕ್ಕೆ.

ಅಂಗಡಿಗೂ ಸಂಜೆಯೇ ಹೋಗಿ. ಶೂ ಆದರೆ ಒಳಗಿನ ಮೆತ್ತೆಯನ್ನು ಹೊರತೆಗೆದು ನಿಮ್ಮ ಕಾಗದವನ್ನು ಅದರ ಮೇಲಿಡಿ. ಕಾಗದವು ಯಾವ ಬದಿಯಲ್ಲಾದರೂ ಮೆತ್ತೆಯಿಂದ ಹೊರಗೆ ಚಾಚಿದರೆ ಆ ಜೋಡಿಯನ್ನು ಅಲ್ಲಿಗೇ ಬಿಡಿ. ಮುಂದುಗಡೆ ಅತಿ ಉದ್ದದ ಬೆರಳಿನಿಂದಾಚೆ ಕೈಯ ಹೆಬ್ಬೆರಳಿನ ಅಗಲದಷ್ಟು, ಅಂದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ ಉಳಿಯಬೇಕು. ಅತಿ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ, ಕೆಲವರಿಗೆ ಅದರ ಪಕ್ಕದ್ದು ಉದ್ದವಾಗಿರುತ್ತದೆ.

ಅನಂತರ ಎರಡೂ ಕಾಲಿಗೆ ಹಾಕಿ, ಎದ್ದು ನಿಂತು, ಅಂಗಡಿಯೊಳಗೆ ನಡೆಯಬೇಕು. ಮೆಟ್ಟಿಲಿದ್ದರೆ ಇಳಿದು ನೋಡಬೇಕು. ಇಳಿಯುವಾಗ ಬೆರಳ ತುದಿ ಮುಂದಕ್ಕೆ ತಾಗಿದರೆ, ದಿನವಿಡೀ ಸ್ಲೈಡಿನ ಮೆಟ್ಟಿಲು ಹತ್ತಿಳಿದ ಮೇಲೆ ಉಗುರು ಕಪ್ಪಾಗುವುದು ಖಂಡಿತ. ಹೆಜ್ಜೆ ಎತ್ತುವಾಗ ಹಿಮ್ಮಡಿ ಶೂವಿನೊಳಗೆ ಮೇಲೆ ಕೆಳಗೆ ಸರಿಯುತ್ತಿದ್ದರೆ ಗುಳ್ಳೆ ಏಳುವುದು ಅಲ್ಲಿಯೇ. ಕಿರುಬೆರಳಿನ ಬುಡದಲ್ಲಿ ಒತ್ತುತ್ತಿದ್ದರೆ ಅಗಲ ಸಾಲದು ಎಂದರ್ಥ. ಆಗ ಉದ್ದದ ಸಂಖ್ಯೆಯನ್ನು ಏರಿಸಿ ಪ್ರಯೋಜನವಿಲ್ಲ, ಬೇರೆ ವಿನ್ಯಾಸವನ್ನೇ ಕೇಳಬೇಕು. “ಹಾಕಿ ಹಾಕಿ ಸಡಿಲವಾಗುತ್ತದೆ” ಎಂದು ಮಾರುವವರು ಹೇಳುವುದರಲ್ಲಿ ಅರೆಪಾಲು ಮಾತ್ರ ನಿಜ. ಅಪ್ಪಟ ಚರ್ಮ ಅಗಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗದು. ರೆಕ್ಸಿನ್ ಹಿಗ್ಗುವುದಂತೂ ದೂರದ ಮಾತು.

ಇನ್ನು ಶೂವಿನ ಎರಡು ತುದಿಗಳನ್ನು ಹಿಡಿದು ಬಗ್ಗಿಸಿ. ಬೆರಳುಗಳು ಮಡಚುವ ಜಾಗದಲ್ಲೇ ಅದು ಬಾಗಬೇಕು. ಪಾದದ ಕಮಾನಿನ ಕೆಳಗೆ ನಡುಮಧ್ಯದಲ್ಲಿ ಮಡಚಿಕೊಂಡರೆ ಆಧಾರ ಸಾಲದು. ಒದ್ದೆಬಟ್ಟೆಯನ್ನು ಹಿಂಡುವಂತೆ ತಿರುಚಿದಾಗ ಪೂರ್ತಿ ತಿರುಗಿಬಿಡುವ ಶೂವನ್ನು ಕೊಳ್ಳಬಾರದು. ಹೆಬ್ಬೆರಳಿನಿಂದ ಮೆತ್ತೆಯನ್ನು ಒತ್ತಿ “ಎಷ್ಟು ಮೆತ್ತಗಿದೆ” ಎಂದು ಮಾರುಹೋಗುವುದೂ ತಪ್ಪು. ಮೆಮೊರಿ ಫೋಮ್ ಎಂಬ ಹೆಸರಿನಲ್ಲಿ ಬರುವ ಅಗ್ಗದ ಮೆತ್ತೆಗಳು ಅಂಗಡಿಯಲ್ಲಿ ಹಿತವೆನಿಸಿ, ಕೆಲವು ತಾಸು ಮೈಭಾರ ಬಿದ್ದ ಮೇಲೆ ಚಪ್ಪಟೆಯಾಗುತ್ತವೆ. ಅವುಗಳಿಗಿಂತ ಸ್ವಲ್ಪ ಬಿರುಸಾದ ಇವಿಎ (ಹಗುರ ಪ್ಲಾಸ್ಟಿಕ್ ಫೋಮ್) ಮೆತ್ತೆ ಸಂಜೆಯವರೆಗೂ ಬಾಳುತ್ತದೆ. ಬಿಗಿಯಾದ ಶೂವಿನೊಳಗೆ ಜೆಲ್ ಮೆತ್ತೆಯನ್ನು ತುರುಕುವುದು ಇನ್ನೂ ಕೆಟ್ಟ ಉಪಾಯ. ಅದು ಇದ್ದ ಜಾಗವನ್ನೂ ತಿಂದು ಹಿಮ್ಮಡಿಯನ್ನು ಶೂವಿನಿಂದ ಮೇಲಕ್ಕೆತ್ತುತ್ತದೆ.

ಸ್ಯಾಂಡಲ್ಲಿಗೆ ಬೇರೆಯದೇ ಪರೀಕ್ಷೆಯಿದೆ. ಹಿಮ್ಮಡಿಯೂ ಬೆರಳುಗಳೂ ಅಟ್ಟೆಯ ಅಂಚಿನೊಳಗೇ ಇರಬೇಕು. ಬಳಿಕ ಪ್ರತಿಯೊಂದು ಬಾರಿನ ಒಳಮೈ ಮೇಲೆ ಬೆರಳಾಡಿಸಿ. ನೈಲಾನ್ ಪಟ್ಟಿಯ ತುದಿ ಬಿಚ್ಚಿಕೊಳ್ಳದಿರಲೆಂದು ಅದನ್ನು ಬಿಸಿಯಿಂದ ಕತ್ತರಿಸಿರುತ್ತಾರೆ. ಕರಗಿದ ನೈಲಾನ್ ಆ ಅಂಚಿನಲ್ಲಿ ಗಟ್ಟಿಯಾದ ಸಣ್ಣ ಏಣಾಗಿ ಉಳಿದಿರುತ್ತದೆ. ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೆದಾಗ ತಿಳಿಯದ ಈ ಏಣು, ಒದ್ದೆಯಾಗಿ ಮೆದುವಾದ ಚರ್ಮವನ್ನು ಮಧ್ಯಾಹ್ನದೊಳಗೆ ಸುಲಿದುಬಿಡುತ್ತದೆ. ಅದು ಮಡಿಕೆಯೊಳಗೆ ಅಡಗಿ, ಮೇಲೆ ಮೆತ್ತನೆಯ ಬಟ್ಟೆಯ ಹೊದಿಕೆ ಇರುವುದನ್ನೇ ಆರಿಸಿ. ಬಕ್ಕಲ್ ಹರಡಿನ ಎಲುಬಿನ ಮೇಲೆ ಕೂರಬಾರದು. ಅಡಿಯಲ್ಲಿ ರಬ್ಬರು ಇರಲಿ, ಆಳವಾದ ಗೀರುಗಳಿರಲಿ. ನುಣುಪಾಗಿ ಹೊಳೆಯುವ ಪಿವಿಸಿ ಅಟ್ಟೆ ಒದ್ದೆ ಟೈಲ್ಸಿನ ಮೇಲೆ ಜಾರುತ್ತದೆ.

ಮಕ್ಕಳ ವಿಷಯದಲ್ಲಿ “ಮುಂದಿನ ವರ್ಷಕ್ಕೂ ಆಗಲಿ” ಎಂದು ಎರಡು ಸಂಖ್ಯೆ ದೊಡ್ಡದನ್ನು ಕೊಡಿಸುವ ಪೋಷಕರಿದ್ದಾರೆ. ಉಳಿತಾಯದ ದೃಷ್ಟಿ ಅರ್ಥವಾಗುವಂಥದ್ದೇ. ಆದರೆ ಒಳಗೆ ಜಾರಾಡುವ ಕಾಲಿಗೆ ಗುಳ್ಳೆ ಏಳುವುದಲ್ಲದೆ, ಓಡುವ ಮಗು ಮುಗ್ಗರಿಸುತ್ತದೆ. ಬೆಳವಣಿಗೆಗೆ ಹೆಬ್ಬೆರಳಿನ ಅಗಲದ ಆ ಜಾಗವೇ ಸಾಕು.

ಹಂತ 4: ಕಾಲಿಗೆ ಒಗ್ಗಿಸಿ

ಮೊದಲ ಎರಡು ಮೂರು ದಿನ ಮನೆಯೊಳಗೆ, ಅಂಗಳಕ್ಕಿಳಿಯದೆ, ತಾಸು ಹೊತ್ತು ಹಾಕಿಕೊಂಡು ಓಡಾಡಿ. ಅಟ್ಟೆ ಕೊಳೆಯಾಗದಿದ್ದರೆ ಬದಲಿಸಿ ಕೊಡುವ ಅಂಗಡಿಗಳಿವೆ. ಆಮೇಲೆ ಪೇಟೆಗೆ, ಕೆಲಸಕ್ಕೆ ಹಾಕಿಕೊಂಡು ಹೋಗಿ. ಸ್ಯಾಂಡಲ್ಲನ್ನು ಒಮ್ಮೆಯಾದರೂ ನೆನೆಸಿ, ಒದ್ದೆಯಲ್ಲೇ ನಡೆದು ನೋಡಬೇಕು. ಎಲ್ಲಿ ಕೆಂಪಾಗುತ್ತದೆಯೋ ಪ್ರವಾಸದ ದಿನವೂ ಅಲ್ಲೇ ತೊಂದರೆ.

ಹಂತ 5: ಕಾಲುಚೀಲ, ಉಗುರು, ಟೇಪು

ಉಗುರನ್ನು ಮೂರು ನಾಲ್ಕು ದಿನ ಮೊದಲೇ, ನೇರವಾಗಿ ಕತ್ತರಿಸಿ. ಶೂ ಹಾಕುವವರು ಶಾಲೆಯ ದಪ್ಪ ಹತ್ತಿಯ ಕಾಲುಚೀಲವನ್ನು ಬಿಟ್ಟು, ಬೇಗ ಒಣಗುವ ಸಿಂಥೆಟಿಕ್ ನೂಲು ಬೆರೆತದ್ದನ್ನು ಆರಿಸಿ, ಒಂದು ಜೋಡಿ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಹತ್ತಿಯು ಬೆವರನ್ನೂ ನೀರನ್ನೂ ಹೀರಿ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ತೇವಗೊಂಡ ಚರ್ಮದ ಮೇಲೆ ಘರ್ಷಣೆ ಹೆಚ್ಚು. ಹೊರಗಿನ ಚರ್ಮ ಶೂವಿಗೆ ಅಂಟಿ ನಿಂತು, ಒಳಗಿನ ಎಲುಬು ಸರಿಯುತ್ತಿರುವಾಗ ಚರ್ಮದ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬಿಕೊಳ್ಳುವುದೇ ಗುಳ್ಳೆ. ಟಾಲ್ಕಂ ಪೌಡರ್ ಸುರಿಯುವ ಉಪಾಯ ಕಾಲು ಒಣಗಿರುವವರೆಗಷ್ಟೇ ನಡೆಯುತ್ತದೆ, ಒದ್ದೆಯಾದೊಡನೆ ಅದೇ ಪುಡಿ ಮುದ್ದೆಗಟ್ಟಿ ಉಜ್ಜತೊಡಗುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದಂಥ ಮೈಕ್ರೋಪೋರ್ ಟೇಪನ್ನು ಹಿಂದೆ ಕೆಂಪಾಗಿದ್ದ ಜಾಗಕ್ಕೆ ಬೆಳಿಗ್ಗೆಯೇ, ಒಣಗಿದ ಚರ್ಮದ ಮೇಲೆ, ಸುಕ್ಕಿಲ್ಲದಂತೆ ಅಂಟಿಸಿ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ನೀರಿಗಿಳಿದು ಬಂದ ಮೇಲೆ ಬದಲಿಸಬೇಕಾಗುತ್ತದೆ, ಆದ್ದರಿಂದ ಸುರುಳಿಯನ್ನೇ ಚೀಲದಲ್ಲಿಡಿ.

ಹಂತ 6: ಪಾರ್ಕಿನಲ್ಲಿ

ಲೇಸ್ ಕಟ್ಟುವ ಮುನ್ನ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿಕೊಳ್ಳಿ. ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಸರಿದ ಒಂದು ತೂತು ಇರುತ್ತದೆ; ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಚಿಕ್ಕ ಕುಣಿಕೆ ಬಿಡಿ, ಎರಡೂ ಬದಿಯ ತುದಿಗಳನ್ನು ಎದುರು ಕುಣಿಕೆಯೊಳಗಿನಿಂದ ಎಳೆದು ಕಟ್ಟಿದರೆ ಹಿಮ್ಮಡಿ ಅಲುಗದು.

ನೀರಿನ ಸ್ಲೈಡುಗಳಲ್ಲಿ ಚಪ್ಪಲಿ ಬಿಚ್ಚಿಸುತ್ತಾರೆ. ಬಿಚ್ಚಿದ ಜೋಡಿಯ ಬಾರುಗಳನ್ನು ಒಂದಕ್ಕೊಂದು ಸಿಕ್ಕಿಸಿಡಿ, ಗುಂಪಿನಲ್ಲಿ ಒಂದೇ ಕಾಲಿನದು ಕಾಣೆಯಾಗುವುದು ತಪ್ಪುತ್ತದೆ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಮಧುಮೇಹಿಗಳು ಬರಿಗಾಲಿನಲ್ಲಿ ನಿಲ್ಲಲೇಬಾರದು. ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಅಂಥವರು ನೀರಿನ ಆಟವನ್ನು ನೋಡುವುದಕ್ಕಷ್ಟೇ ಇಟ್ಟುಕೊಂಡು, ಶೂ ಹಾಕುವ ಮುನ್ನ ಪ್ರತಿ ಸಲವೂ ಒಳಗೆ ಕೈಹಾಕಿ ಕಲ್ಲು ಕಸವಿಲ್ಲವೆಂದು ಖಚಿತಪಡಿಸಿಕೊಳ್ಳಲಿ.

ಎಲ್ಲಾದರೂ ಉರಿ ಆರಂಭವಾದರೆ ಮುಂದಿನ ಸರದಿಗೆ ಓಡದೆ ಅಲ್ಲೇ ಕುಳಿತು, ಒರೆಸಿ, ಟೇಪು ಹಚ್ಚಬೇಕು. ಗುಳ್ಳೆ ಎದ್ದೇ ಬಿಟ್ಟರೆ ಅದರ ಮೇಲಿನ ಚರ್ಮವನ್ನು ಕಿತ್ತುಹಾಕಬೇಡಿ, ಅದೇ ಗಾಯದ ಮುಚ್ಚಳ.

ಮನೆಗೆ ಬಂದ ಮೇಲೆ ಸ್ಯಾಂಡಲ್ಲನ್ನು ಕ್ಲೋರಿನ್ ಹೋಗುವಂತೆ ಬಾವಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನೇರ ಬಿಸಿಲಿಗೆ ಅಂಟು ಬಿಡುತ್ತದೆ. ಒದ್ದೆಯಾದ ಶೂವಿನ ಮೆತ್ತೆಯನ್ನು ಹೊರತೆಗೆದು, ಒಳಗೆ ಹಳೆಯ ಪತ್ರಿಕೆಯನ್ನು ಮುದುಡಿ ತುರುಕಿ, ಅದು ನೆಂದಂತೆಲ್ಲ ಬೇರೆ ಹಾಳೆ ಹಾಕುತ್ತಿರಬೇಕು.